ಇನ್ನೊಂದು ಪ್ರತಿ ದಂಡದ ಖರ್ಚಾ?

"ಎಲ್ಲಾ ಕ್ಲೌಡಿಗೆ ಹಾಕಿದ್ದೀವಲ್ಲ, ಹೈಬ್ರಿಡ್ ಯಾಕ್ರೀ?" ಅಂತ ಬಜೆಟ್ ಮೀಟಿಂಗಲ್ಲಿ ಕೇಳುವವರು ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್ ಕಥೆ ಓದಲಿ. 2024ರ ಮೇನಲ್ಲಿ ಗೂಗಲ್ ಕ್ಲೌಡಿನಲ್ಲಿದ್ದ ಅದರ ಪ್ರೈವೇಟ್ ಕ್ಲೌಡ್ ಅಳಿಸಿಹೋಯ್ತು. ಹ್ಯಾಕರ್ ಬಂದಿರಲಿಲ್ಲ, ಸೆಟಪ್ ಮಾಡುವಾಗ ಗೂಗಲ್ ಸಿಬ್ಬಂದಿ ಒಂದು ಸೆಟ್ಟಿಂಗ್ ಖಾಲಿ ಬಿಟ್ಟಿದ್ದರು, ಅಷ್ಟೇ. ಎರಡು ಕಡೆ ಇದ್ದ ನಕಲುಗಳೂ ಒಟ್ಟಿಗೇ ಹೋದವು, ಸಬ್‌ಸ್ಕ್ರಿಪ್ಷನ್ ಒಂದೇ ತಾನೆ! 6 ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಸುಮಾರು ಒಂದು ವಾರ ತಮ್ಮದೇ ದುಡ್ಡಿನ ಲೆಕ್ಕ ನೋಡೋಕಾಗಲಿಲ್ಲ. ಮತ್ತೆ ಕಟ್ಟೋಕೆ ನೆರವಾಗಿದ್ದು ಬೇರೆ ಕಂಪನಿಯ ಬಳಿ ಇಟ್ಟಿದ್ದ ಬ್ಯಾಕಪ್. ನಮ್ಮಲ್ಲಿ ಮೊದಲು ಕತ್ತರಿ ಬೀಳೋದು ಅದಕ್ಕೇ.

ಒಂದು ಪ್ರತಿ ನಿಮ್ಮದೇ ಸರ್ವರಲ್ಲಿರಲಿ. ಕಾಯೋಕೆ ಬಾಗಿಲು ಎರಡಾಗುತ್ತೆ, ಖರ್ಚೂ ಇದೆ, ಒಪ್ಪಿದೆ. ಆದರೆ ಎರಡಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಟ್ಟು "ನಮ್ಮದೂ ಹೈಬ್ರಿಡ್" ಅನ್ನಬೇಡಿ ಮಾರಾಯ್ರೆ.