ತಾನೇ ಮುಚ್ಚಿಕೊಂಡ ಪ್ರೋಗ್ರಾಂ ಏನೇನು ಕಳಿಸುತ್ತದೆ?

ಸಿಂಧನೂರು, ಲಿಂಗಸೂಗೂರು, ಮಸ್ಕಿಯ ಆನ್‌ಲೈನ್ ಸೆಂಟರ್‌ಗಳ ಕಂಪ್ಯೂಟರುಗಳಲ್ಲಿ ಊರವರ ಅರ್ಧ ಬದುಕೇ ಇರುತ್ತದೆ: ಆಧಾರ್ ಪ್ರತಿ, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆಯ ಅರ್ಜಿ, ಪಾಸ್‌ಬುಕ್ಕಿನ ಮೊದಲ ಪುಟ. ಕೆಲಸದ ನಡುವೆ ಪ್ರೋಗ್ರಾಂ ಹ್ಯಾಂಗ್ ಆಗಿ ತಾನೇ ಮುಚ್ಚಿಕೊಂಡರೆ ಮತ್ತೆ ತೆರೆದು ಮುಂದುವರಿಸುತ್ತೇವೆ. ಆಗ ನಮ್ಮ ಕಣ್ಣಿಗೆ ಬೀಳದೆ ಇನ್ನೊಂದು ಕೆಲಸವೂ ನಡೆಯುತ್ತದೆ. ಏನು ಕೆಟ್ಟಿತು ಎಂಬ ವರದಿ ತಯಾರಾಗಿ, ಇಂಟರ್ನೆಟ್ ಮೂಲಕ ತಯಾರಕ ಕಂಪನಿಗೆ ಹೋಗುತ್ತದೆ.

ಇದು ಕಳ್ಳತನವಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇಂಥ ವರದಿಗಳು ಮೈಕ್ರೋಸಾಫ್ಟ್‌ಗೆ ಹೋಗುತ್ತಿವೆ. ಶೇ 20ರಷ್ಟು ದೋಷಗಳೇ ಶೇ 80ರಷ್ಟು ತೊಂದರೆಗೆ ಕಾರಣ ಎಂದು ಕಂಪನಿಯ ಅಂದಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ 2002ರಲ್ಲಿ ಹೇಳಿದ್ದು ಈ ವರದಿಗಳಿಂದ ಕಲಿತೇ. ಮೊದಲು ಯಾವುದನ್ನು ಸರಿಪಡಿಸಬೇಕು ಎಂಬುದು ಅವುಗಳಿಂದ ಗೊತ್ತಾಗುತ್ತದೆ.

ತೊಡಕಿರುವುದು ವರದಿಯ ಹೊಟ್ಟೆಯೊಳಗೆ. ಪ್ರೋಗ್ರಾಂ ಕೆಟ್ಟ ಕ್ಷಣದಲ್ಲಿ ಮೆಮೊರಿಯಲ್ಲಿ ಇದ್ದುದರ ಒಂದು ಭಾಗವೂ ಅದರ ಜೊತೆ ಹೋಗಬಹುದು. ನೀವು ಬಳಸುತ್ತಿದ್ದ ಕಡತದ ತುಣುಕುಗಳು ಉದ್ದೇಶವಿಲ್ಲದೆಯೂ ಅದರಲ್ಲಿ ಸೇರಬಹುದು ಎಂದು ಮೈಕ್ರೋಸಾಫ್ಟೇ ಬರೆದುಕೊಂಡಿದೆ. ಅಮೆರಿಕದ ಎನ್‌ಎಸ್‌ಎ ಗುಪ್ತಚರ ಸಂಸ್ಥೆ ವಿಂಡೋಸ್‌ನ ದೋಷ ವರದಿಗಳನ್ನು ದಾರಿಯಲ್ಲೇ ಹಿಡಿದು ಬಳಸಿಕೊಳ್ಳುತ್ತಿತ್ತೆಂದು 2013ರ ಡಿಸೆಂಬರ್‌ನಲ್ಲಿ ಜರ್ಮನಿಯ ‘ಡೆರ್ ಷ್ಪೀಗೆಲ್’ ವರದಿ ಮಾಡಿತ್ತು.

ಮನೆಯಲ್ಲಿ ಮಕ್ಕಳು ಓದಿಗೆ, ಆಟಕ್ಕೆ ಬಳಸುವ ಕಂಪ್ಯೂಟರಿನಲ್ಲಿ ಈ ವರದಿ ವ್ಯವಸ್ಥೆಯನ್ನು ಹಾಗೇ ಬಿಟ್ಟರೂ ತಪ್ಪೇನಿಲ್ಲ. ಪರರ ಕಾಗದಪತ್ರ ತುಂಬಿದ ಕಂಪ್ಯೂಟರಿನಲ್ಲಿ ಮಾತ್ರ ಆಫ್ ಮಾಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬ ರೈತನ ಪಹಣಿ ಎಲ್ಲಿಗೆ ಹೋಗಲಿ ಎಂದು ನಿರ್ಧರಿಸುವ ಹಕ್ಕು ಕೀಬೋರ್ಡ್ ಮುಂದೆ ಕುಳಿತವರದಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಆ ಹಕ್ಕು ಸಿಂಧನೂರಿನ ಕೌಂಟರಿನ ಮುಂದೆ ನಿಂತವರಿಗೂ ಇದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಗೆ, ಅಲ್ಲಿಂದ ‘ಡಯಾಗ್ನೋಸ್ಟಿಕ್ಸ್ ಆ್ಯಂಡ್ ಫೀಡ್‌ಬ್ಯಾಕ್’ಗೆ ಹೋಗಿ. ‘ಸೆಂಡ್ ಆಪ್ಷನಲ್ ಡಯಾಗ್ನೋಸ್ಟಿಕ್ ಡೇಟಾ’ ಆಫ್ ಮಾಡಿ. ಮೆಮೊರಿಯ ತುಣುಕುಗಳು ಹೋಗುವುದು ಈ ಐಚ್ಛಿಕ ಭಾಗದಲ್ಲೇ. ಈಗಾಗಲೇ ಕಳಿಸಿದ್ದನ್ನು ಅಳಿಸುವ ಬಟನ್ ಕೂಡ ಅದೇ ಪುಟದಲ್ಲಿದೆ. ವರದಿ ಕಳಿಸುವ ಸೇವೆಯನ್ನೇ ನಿಲ್ಲಿಸಬೇಕೆನ್ನುವವರು ‘ಸರ್ವೀಸಸ್’ ಪಟ್ಟಿಯಲ್ಲಿ ‘ವಿಂಡೋಸ್ ಎರರ್ ರಿಪೋರ್ಟಿಂಗ್ ಸರ್ವಿಸ್’ ಹುಡುಕಿ ‘ಡಿಸೇಬಲ್ಡ್’ ಮಾಡಬಹುದು. ವಿಂಡೋಸ್ ಬದಲು ಉಬುಂಟು ಬಳಸುವವರಿಗೆ ದೋಷ ವರದಿ ಕಳಿಸುವ ಆಯ್ಕೆ ಪ್ರೈವಸಿ ವಿಭಾಗದಲ್ಲಿದೆ.

ಬ್ರೌಸರ್‌ಗಳ ವ್ಯವಸ್ಥೆಯೇ ಬೇರೆ, ವಿಂಡೋಸ್‌ನಲ್ಲಿ ಆಫ್ ಮಾಡಿದರೆ ಅವು ಆಫ್ ಆಗುವುದಿಲ್ಲ. ಫೈರ್‌ಫಾಕ್ಸ್ ಕೆಟ್ಟಾಗ ಬರುವ ಪೆಟ್ಟಿಗೆಯಲ್ಲಿ, ತೆರೆದಿದ್ದ ಪುಟದ ವಿಳಾಸವನ್ನೂ ಸೇರಿಸಲೇ ಎಂಬ ಟಿಕ್ ಗುರುತು ಇರುತ್ತದೆ. ಸರ್ಕಾರಿ ಪೋರ್ಟಲ್ ಅಥವಾ ಬ್ಯಾಂಕಿನ ಪುಟ ತೆರೆದಿದ್ದರೆ ಆ ಟಿಕ್ ತೆಗೆದುಬಿಡಿ.

ಇದೆಲ್ಲ ಮಾಡಿದ ಮೇಲೂ ಪ್ರೋಗ್ರಾಂ ಹ್ಯಾಂಗ್ ಆಗುವುದು ನಿಲ್ಲುವುದಿಲ್ಲ, ಅದಕ್ಕೆ ಬೇರೆಯೇ ರಿಪೇರಿ ಬೇಕು. ವಿಂಡೋಸ್ ಹೊಸದಾಗಿ ಹಾಕಿಸಿದಾಗ ಐಚ್ಛಿಕ ಡೇಟಾ ಕಳಿಸಲೇ ಎಂಬ ಪ್ರಶ್ನೆ ಮತ್ತೆ ಎದುರಾಗುತ್ತದೆ. ಹಾಕಿಕೊಡುವ ಹುಡುಗ ಓದದೆ ‘ಆಕ್ಸೆಪ್ಟ್’ ಒತ್ತುವ ಮೊದಲು ಪಕ್ಕದಲ್ಲಿ ಕುಳಿತು, ಐಚ್ಛಿಕ ಭಾಗ ಬೇಡ ಎಂದು ಹೇಳಿ.