ಬಹುಮತವೇ ಸರ್ವಸ್ವವೆನ್ನುವವರು ಮುಳಬಾಗಿಲನ್ನು ನೋಡಲಿ

'ನಮಗೆ ಬಹುಮತವಿದೆ, ನಾವು ಹೇಳಿದ್ದೇ ನಡೆಯಬೇಕು.' ವಿಧಾನಸೌಧದಿಂದ ಪುರಸಭೆಯ ಸಭಾಂಗಣದವರೆಗೆ ಈ ಮಾತನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಇದಕ್ಕೆ ನಮ್ಮ ಮನೆಗಳಿಂದ ಹೊರಡುವ ಪ್ರತಿಧ್ವನಿಯೂ ಒಂದಿದೆ: 'ಎಣಿಕೆಯಲ್ಲಿ ನಾವು ಕಡಿಮೆ, ಈ ವ್ಯವಸ್ಥೆಯಲ್ಲಿ ನಮಗೇನಿದೆ?' ಮೊದಲನೆಯದು ಅಹಂಕಾರದ ಮಾತು, ಎರಡನೆಯದು ಹತಾಶೆಯ ಮಾತು. ಆದರೆ ಎರಡರ ಬೇರೂ ಒಂದೇ ತಪ್ಪು ತಿಳಿವಳಿಕೆಯಲ್ಲಿದೆ. ಭಾರತವೆಂದರೆ ತಲೆ ಎಣಿಸಿ ತೀರ್ಮಾನಿಸುವ ದೇಶವೆಂದು ಇಬ್ಬರೂ ಭಾವಿಸಿದ್ದಾರೆ.

ಸಂವಿಧಾನದ ಪ್ರಸ್ತಾವನೆ ಹಾಗೆ ಹೇಳುವುದಿಲ್ಲ. ಅದು ಈ ದೇಶವನ್ನು ಪ್ರಜಾಸತ್ತಾತ್ಮಕವೆಂದು ಕರೆದು ಅಲ್ಲಿಗೇ ನಿಲ್ಲದೆ 'ಗಣರಾಜ್ಯ' ಎಂಬ ಇನ್ನೊಂದು ಪದವನ್ನು ಸೇರಿಸುತ್ತದೆ. ರಾಜನಿಲ್ಲದ ದೇಶ ಗಣರಾಜ್ಯ ಎಂದಷ್ಟೇ ಶಾಲೆಯಲ್ಲಿ ಕಲಿತೆವು. ಅದು ಸರಿ, ಆದರೆ ಸಾಲದು. ಬ್ರಿಟನ್ನಿನಲ್ಲಿ ಇಂದಿಗೂ ರಾಜನಿದ್ದಾನೆ, ಆದರೂ ಅಲ್ಲಿ ಜನರ ಮತದಿಂದ ಸರಕಾರ ಬದಲಾಗುತ್ತದೆ. ಚೀನಾ ತನ್ನನ್ನು ಗಣರಾಜ್ಯವೆಂದು ಕರೆದುಕೊಳ್ಳುತ್ತದೆ, ಅಲ್ಲಿ ಮತದಿಂದ ಸರಕಾರ ಬದಲಾಗುವುದಿಲ್ಲ. ಆದ್ದರಿಂದ ಹೆಸರಿನಿಂದ ಏನೂ ತೀರ್ಮಾನವಾಗದು. ಯಾರು ಆಳಬೇಕೆಂಬ ಪ್ರಶ್ನೆಗೆ ಪ್ರಜಾಪ್ರಭುತ್ವ ಉತ್ತರ ನೀಡುತ್ತದೆ. ಆಳುವವರು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ಸಾಂವಿಧಾನಿಕ ಗಣರಾಜ್ಯ ಉತ್ತರ ನೀಡುತ್ತದೆ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಅಸಿಂಧು ಎನ್ನುವ 13ನೇ ವಿಧಿಯು ಸಂಸತ್ತಿನಲ್ಲಿ ಎಷ್ಟು ಕೈಗಳು ಎದ್ದವೆಂದು ಕೇಳುವುದಿಲ್ಲ.

ಇದನ್ನು ಅರಿಯಲು ದೂರ ಹೋಗಬೇಕಾಗಿಲ್ಲ, ಕೋಲಾರ ಜಿಲ್ಲೆಯೇ ಸಾಕು.

ಮುಳಬಾಗಿಲು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2013ರ ವಿಧಾನಸಭಾ ಚುನಾವಣೆಯಲ್ಲಿ ಕೊತ್ತೂರು ಜಿ. ಮಂಜುನಾಥ್ ಪಕ್ಷೇತರರಾಗಿ ನಿಂತು ದೊಡ್ಡ ಪಕ್ಷಗಳನ್ನು ಸೋಲಿಸಿದರು. ಜನರು ಮನಸಾರೆ ಮತ ನೀಡಿದ್ದರು, ಎಣಿಕೆಯಲ್ಲಿ ಯಾವ ಅನುಮಾನವೂ ಇರಲಿಲ್ಲ. ಆದರೆ ಅವರು ಪರಿಶಿಷ್ಟ ಜಾತಿಗೆ ಸೇರಿದವರಲ್ಲವೆಂಬ ತಕರಾರು ಹೈಕೋರ್ಟಿನ ಮೆಟ್ಟಿಲೇರಿತು. 2018ರಲ್ಲಿ ಹೈಕೋರ್ಟು ಆ ವಾದವನ್ನು ಒಪ್ಪಿ ಆಯ್ಕೆಯನ್ನು ಅಸಿಂಧುಗೊಳಿಸಿತು. ಆ ವರ್ಷದ ಚುನಾವಣೆಯಲ್ಲಿ ಅವರು ಮುಳಬಾಗಿಲಿನಿಂದ ಸ್ಪರ್ಧಿಸಲಾಗಲಿಲ್ಲ. 2023ರಲ್ಲಿ ಅವರೇ ಸಾಮಾನ್ಯ ಕ್ಷೇತ್ರವಾದ ಕೋಲಾರದಿಂದ ಗೆದ್ದು ಬಂದರು.

ವ್ಯಕ್ತಿಯ ಗುಣಾವಗುಣ ಇಲ್ಲಿ ನಮ್ಮ ವಿಷಯವಲ್ಲ. ಒಂದು ಇಡೀ ಕ್ಷೇತ್ರ 'ಇವರೇ ಬೇಕು' ಎಂದಾಗಲೂ ಸಂವಿಧಾನ 'ಈ ಪೀಠ ಶತಮಾನಗಳಿಂದ ಹೊರಗಿಡಲ್ಪಟ್ಟವರಿಗೆ ಮೀಸಲು' ಎಂದಿತು. ಮತದಾರರ ಬಹುಮತಕ್ಕೂ ಆ ಪೀಠವನ್ನು ಇನ್ನೊಬ್ಬರಿಗೆ ದಾನ ಮಾಡುವ ಅಧಿಕಾರವಿರಲಿಲ್ಲ. ಕೇವಲ ಎಣಿಕೆಯ ದೇಶವಾಗಿದ್ದರೆ 2013ರ ಮತಎಣಿಕೆಯ ಸಂಜೆಯೇ ಮಾತು ಮುಗಿದಿರುತ್ತಿತ್ತು. ಆದರೆ ಶಾಸಕರ ಐದು ವರ್ಷಗಳ ಅವಧಿ ಮುಗಿಯುವ ಹೊತ್ತಿಗೆ ತೀರ್ಪು ಬಂದಿತೆಂಬುದನ್ನೂ ಹೇಳಲೇಬೇಕು. ಆ ಐದು ವರ್ಷಗಳನ್ನು ಮುಳಬಾಗಿಲಿನ ದಲಿತರಿಗೆ ಯಾರು ಮರಳಿ ಕೊಟ್ಟರು?

ಶ್ರೀನಿವಾಸಪುರದ ಪ್ರತಿನಿಧಿಯಾಗಿದ್ದ ಕೆ.ಆರ್. ರಮೇಶ್ ಕುಮಾರ್ 2019ರಲ್ಲಿ ವಿಧಾನಸಭಾಧ್ಯಕ್ಷರಾಗಿದ್ದರು. ಪಕ್ಷಾಂತರದ ಬಿರುಗಾಳಿಯಲ್ಲಿ ಸಮ್ಮಿಶ್ರ ಸರಕಾರ ಉರುಳಿದಾಗ ಅವರು 17 ಶಾಸಕರನ್ನು ಅನರ್ಹಗೊಳಿಸಿದರು. 2023ರವರೆಗೆ ಅವರು ಚುನಾವಣೆಗೂ ನಿಲ್ಲಬಾರದೆಂದರು. ಸುಪ್ರೀಂ ಕೋರ್ಟು 2019ರ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿದು, ಸ್ಪರ್ಧೆಯ ಮೇಲಿನ ನಿಷೇಧವನ್ನು ತೆಗೆದುಹಾಕಿತು. ಗೆದ್ದು ಬಂದ ಶಾಸಕನಿಗೆ ಒಂದು ಮಿತಿ, ಆ ಶಾಸಕನನ್ನು ದಂಡಿಸುವ ಅಧ್ಯಕ್ಷರಿಗೂ ಒಂದು ಮಿತಿ. ಅನರ್ಹರಲ್ಲಿ ಹಲವರು ಡಿಸೆಂಬರ್ ಉಪಚುನಾವಣೆಯಲ್ಲಿ ಬೇರೆ ಪಕ್ಷದ ಚಿಹ್ನೆಯಡಿ ಗೆದ್ದು ಮಂತ್ರಿಗಳಾದರು. ಜನರೇ ಆರಿಸಿದರೆಂಬುದು ನಿಜ. ಆದರೆ ಜನರು ಆರಿಸಿದ ಮಾತ್ರಕ್ಕೆ ಪಕ್ಷಾಂತರ ಪುಣ್ಯಕಾರ್ಯವಾಗುವುದೇ?

ಮಾಲೂರಿನಲ್ಲಂತೂ ಎಣಿಕೆಯೇ ಪ್ರಶ್ನೆಗೊಳಗಾಯಿತು. 2023ರಲ್ಲಿ ಅಲ್ಲಿನ ಗೆಲುವಿನ ಅಂತರ ಕೇವಲ 248 ಮತ. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಆ ಆಯ್ಕೆಯನ್ನು ರದ್ದುಗೊಳಿಸಿ ಮರುಎಣಿಕೆಗೆ ಆದೇಶಿಸಿತು. ಶಾಸಕರು ಸುಪ್ರೀಂ ಕೋರ್ಟಿಗೆ ಹೋದಾಗ, ಸದಸ್ಯತ್ವ ರದ್ದಿಗೆ ತಡೆ ದೊರೆತರೂ ಮರುಎಣಿಕೆಗೆ ಅನುಮತಿ ಸಿಕ್ಕಿತು. ಬಹುಮತವನ್ನು ದೇವರಂತೆ ಪೂಜಿಸುವವರು ಗಮನಿಸಲಿ: ಬಹುಮತ ಯಾವುದೆಂದು ಗೊತ್ತಾಗುವುದಕ್ಕೂ ನಿಯಮ ಬೇಕು, ದಾಖಲೆ ಬೇಕು, ಪ್ರಶ್ನಿಸಿದವನ ಅರ್ಜಿಯನ್ನು ಓದುವ ನ್ಯಾಯಾಧೀಶ ಬೇಕು.

ಇನ್ನು ಕೋಲಾರ. 2019ರ ಏಪ್ರಿಲ್ 13ರಂದು ಇಲ್ಲಿ ಆಡಿದ ಚುನಾವಣಾ ಭಾಷಣಕ್ಕಾಗಿ ರಾಹುಲ್ ಗಾಂಧಿಯವರಿಗೆ ಸೂರತ್ತಿನ ನ್ಯಾಯಾಲಯ 2023ರ ಮಾರ್ಚ್ 23ರಂದು ಎರಡು ವರ್ಷಗಳ ಶಿಕ್ಷೆ ವಿಧಿಸಿತು. ಮರುದಿನವೇ ಅವರ ಸದಸ್ಯತ್ವ ಹೋಯಿತು. ವಯನಾಡಿನ ಮತದಾರರು ನೀಡಿದ್ದ ನಾಲ್ಕು ಲಕ್ಷಕ್ಕೂ ಮಿಕ್ಕಿದ ಅಂತರ ಒಂದು ದಿನವೂ ಅವರನ್ನು ಕಾಯಲಿಲ್ಲ. ಆಗಸ್ಟ್ 4ರಂದು ಸುಪ್ರೀಂ ಕೋರ್ಟು ಶಿಕ್ಷೆಗೆ ಆಧಾರವಾದ ತೀರ್ಪಿಗೆ ತಡೆ ನೀಡಿದ ಬಳಿಕವೇ ಸದಸ್ಯತ್ವ ಮರಳಿತು. ಕಾನೂನಿನ ಕತ್ತಿಯನ್ನು ಹಿಡಿದವರು ಯಾರೆಂಬುದರ ಮೇಲೆ ಅದು ಕಾಯುವುದೂ ಕೊಲ್ಲುವುದೂ ನಿಂತಿದೆಯೆಂಬ ಕಹಿ ಪಾಠವೂ ಇದರಲ್ಲಿದೆ.

ಸಂವಿಧಾನವನ್ನು ತಾಯಿತವೆಂದು ಕೊರಳಿಗೆ ಕಟ್ಟಿಕೊಂಡು ನಿದ್ರಿಸಿರೆಂದು ನಾವು ಯಾರಿಗೂ ಹೇಳಲಾರೆವು. ಅಂದು ಕೋಲಾರ ಜಿಲ್ಲೆಯಲ್ಲಿಯೇ ಇದ್ದ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಮಂದಿ ದಲಿತರನ್ನು ಸುಡಲಾಯಿತು. ಆರೋಪಿಗಳೆಲ್ಲ 2006ರಲ್ಲಿ ಬಿಡುಗಡೆಯಾದರು. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಆಗಲೂ ಪುಸ್ತಕದಲ್ಲಿತ್ತು. ಸಾಂವಿಧಾನಿಕ ನೈತಿಕತೆ ಸಹಜವಾಗಿ ಹುಟ್ಟುವಂಥದಲ್ಲ, ಅದನ್ನು ಬೆಳೆಸಬೇಕೆಂದು ಅಂಬೇಡ್ಕರ್ 1948ರಲ್ಲಿಯೇ ಸಂವಿಧಾನ ಸಭೆಯನ್ನು ಎಚ್ಚರಿಸಿದ್ದರು. ನಾವು ಅದನ್ನು ಬೆಳೆಸಲಿಲ್ಲ, ಬೆಳೆಯುವುದೆಂದು ಕಾದೆವು.

ಆದರೂ ಕಾದದ್ದೆಲ್ಲ ವ್ಯರ್ಥವಾಯಿತೆನ್ನುವುದು ಕೃತಘ್ನತೆ. ಸಂಸತ್ತಿನ ಬಹುಮತಕ್ಕೆ ಕಟ್ಟಲಾದ ಅತಿ ದೊಡ್ಡ ಒಡ್ಡಿಗೆ ಕನ್ನಡ ನೆಲದ ಹೆಸರಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠ ತೀರ್ಪು ನೀಡಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಅಳಿಸಲಾಗದು ಎಂದಿತು. ಏಳು ಮಂದಿ ಒಂದೆಡೆ, ಆರು ಮಂದಿ ಇನ್ನೊಂದೆಡೆ. (ಬಹುಮತಕ್ಕೆ ಮಿತಿ ಹಾಕಿದ ತೀರ್ಪು ಕೂಡಾ ಒಂದೇ ಒಂದು ಮತದ ಬಹುಮತದಿಂದ ಬಂದಿತೆಂಬುದು ನಗು ತರಿಸುವ ಸಂಗತಿ. ನಡುಕ ತರಿಸುವ ಸಂಗತಿಯೂ ಹೌದು.) ಸ್ವಾಮೀಜಿಗೆ ಅವರ ಭೂಮಿ ಮರಳಿ ದೊರೆಯಲಿಲ್ಲ. ದೊರೆತದ್ದು ನಮಗೆ, ನಿಮಗೆ.

1989ರಲ್ಲಿ ವಜಾಗೊಂಡ ಎಸ್.ಆರ್. ಬೊಮ್ಮಾಯಿಯವರ ಸರಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ ಜಾತ್ಯತೀತತೆಯನ್ನು ಆ ಮೂಲ ಸ್ವರೂಪದ ಅಂಗವೆಂದು ಸಾರಿತು. ಅವರ ಪುತ್ರ ಬಸವರಾಜ ಬೊಮ್ಮಾಯಿಯವರ ಸರಕಾರ 2023ರ ಮಾರ್ಚ್‌ನಲ್ಲಿ, ಚುನಾವಣೆ ಹೊಸ್ತಿಲಲ್ಲಿದ್ದಾಗ, ಮುಸ್ಲಿಮರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ಕಿತ್ತು ಎರಡು ಬಲಿಷ್ಠ ಸಮುದಾಯಗಳಿಗೆ ಶೇ. 2ರಂತೆ ಹಂಚಿತು. ತಂದೆಯ ಹೆಸರಿನ ತೀರ್ಪನ್ನು ಮಗ ಓದಿರಲಿಲ್ಲವೇ? ಆದೇಶವನ್ನು ಜಾರಿಗೊಳಿಸುವುದಿಲ್ಲವೆಂದು ಆ ಸರಕಾರವೇ ಸುಪ್ರೀಂ ಕೋರ್ಟಿನಲ್ಲಿ ಭರವಸೆ ನೀಡಬೇಕಾಯಿತು. ವಿಧಾನಸಭೆಯ ಎಣಿಕೆಯಲ್ಲಿ ನಮಗೆ ಆ ಬಲವಿರಲಿಲ್ಲ. ಬಲ ಬಂದದ್ದು ಅರ್ಜಿ ಹಿಡಿದು ದೆಹಲಿಗೆ ಹೋದ ನಾಗರಿಕನಿಂದ. ಹಿಜಾಬ್ ಪ್ರಕರಣದಲ್ಲಿ ಹೀಗಾಗಲಿಲ್ಲ. 2022ರ ಮಾರ್ಚ್‌ನಲ್ಲಿ ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ಅಷ್ಟರಲ್ಲಿ ಎಷ್ಟೋ ಹೆಣ್ಣುಮಕ್ಕಳ ಓದಿನ ವರ್ಷಗಳು ಕಳೆದುಹೋಗಿದ್ದವು.

ಇಷ್ಟನ್ನು ಹೇಳಿ ಲೇಖನಿ ಕೆಳಗಿಟ್ಟರೆ ಓದುಗರು ಸಂತೋಷಪಡುವರು, ಏಕೆಂದರೆ ಇದುವರೆಗೆ ನಾವು ಇತರರನ್ನು ದೂರಿದ್ದೇವೆ. ಆದರೆ ಬಹುಮತದ ದಬ್ಬಾಳಿಕೆಯ ವಿರುದ್ಧ ಸಂವಿಧಾನದ ಬಾಗಿಲು ತಟ್ಟುವ ನಾವು, ನಮ್ಮ ಮೊಹಲ್ಲಾದಲ್ಲಿ ಯಾವ ನ್ಯಾಯ ನಡೆಸುತ್ತಿದ್ದೇವೆ? ಜಮಾಅತ್ ಸಭೆಯಲ್ಲಿ ಲೆಕ್ಕ ಕೇಳಿದ ಯುವಕನನ್ನು 'ಎಲ್ಲರೂ ಒಪ್ಪಿದ್ದಾರೆ, ನೀನೊಬ್ಬ ಯಾರು?' ಎಂದು ಕೂರಿಸಿದ ದೃಶ್ಯವನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಒಂದು ಕುಟುಂಬದ ನಿಕಾಹ್‌ಗೆ, ಮಯ್ಯತ್‌ಗೆ ಯಾರೂ ಹೋಗಬಾರದೆಂದು ಸಭೆಯೊಂದು ಕೈಯೆತ್ತಿ ತೀರ್ಮಾನಿಸಿದರೆ ಅದು ಶೂರಾ ಆಗುವುದಿಲ್ಲ, ಗುಂಪುಗಾರಿಕೆಯಾಗುತ್ತದೆ.

ಮನೆಯೊಳಗಿನ ಮತದಾನ ಇದಕ್ಕಿಂತಲೂ ಕ್ರೂರ. ತಂದೆ ತೀರಿಕೊಂಡ ಮನೆ, ಮೂವರು ಅಣ್ಣಂದಿರು, ಒಬ್ಬಳು ತಂಗಿ. ಅಣ್ಣಂದಿರು ಒಂದಾಗಿ 'ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ' ಎನ್ನುತ್ತಾ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಮೂರಕ್ಕೆ ಒಂದು, ಬಹುಮತ ಸ್ಪಷ್ಟ! ಆದರೆ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ಮಗಳ ಪಾಲನ್ನು ನಿಗದಿಪಡಿಸಿಬಿಟ್ಟಿದೆ. ಅದನ್ನು ಮನೆಯವರ ಒಪ್ಪಿಗೆಗೆ ಬಿಟ್ಟಿಲ್ಲ, ಜಮಾಅತಿನ ಒಪ್ಪಿಗೆಗೂ ಬಿಟ್ಟಿಲ್ಲ. ಭೂಮಿಯ ಮೇಲಿನ ಹೆಚ್ಚಿನವರನ್ನು ಹಿಂಬಾಲಿಸುವುದೇ ಸನ್ಮಾರ್ಗವಲ್ಲವೆಂಬ ಎಚ್ಚರಿಕೆ ಅಲ್ ಅನ್‌ಆಮ್ ಅಧ್ಯಾಯದಲ್ಲಿದೆ. ಇದೇ ವಚನವನ್ನು ಹಿಡಿದು 'ಮತದಾನವೇ ಹರಾಮ್' ಎನ್ನುವ ಪಂಡಿತರನ್ನೂ ನಾವು ಕಂಡಿದ್ದೇವೆ. ಅವರು ಅಶ್ಶೂರಾ ಅಧ್ಯಾಯವನ್ನು ಮರೆತಿದ್ದಾರೆ, ವಿಶ್ವಾಸಿಗಳ ವ್ಯವಹಾರ ಪರಸ್ಪರ ಸಮಾಲೋಚನೆಯಿಂದ ನಡೆಯುವುದೆಂದು ಅಲ್ಲಿ ಹೇಳಲಾಗಿದೆ. ಸಮಾಲೋಚನೆಯೂ ಬೇಕು, ಅದು ದಾಟಬಾರದ ಗೆರೆಯೂ ಬೇಕು. ಪ್ರವಾದಿ(ಸ)ರವರು ಮದೀನಾದಲ್ಲಿ ಮುಸ್ಲಿಮರೊಂದಿಗೆ ಯಹೂದಿ ಗೋತ್ರಗಳನ್ನೂ ಸೇರಿಸಿ ಮಾಡಿದ ಒಪ್ಪಂದದಲ್ಲಿ ಅವರವರ ಧರ್ಮ ಅವರವರಿಗೆ ಎಂಬ ಗೆರೆಯಿತ್ತು. ಅದನ್ನು ಬರೆದಿಡಲಾಗಿತ್ತೆಂಬುದನ್ನು ಗಮನಿಸಬೇಕು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಜಮಾಅತ್ ಸಮಿತಿಗಳು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತಮ್ಮ ಬೈಲಾವನ್ನು ಹೊರತೆಗೆದು ಜೋರಾಗಿ ಓದಲಿ. ಬೈಲಾ ಇಲ್ಲದಿದ್ದರೆ ಬರೆಯಲಿ. ಲೆಕ್ಕಪತ್ರ ಕೇಳುವ ಹಕ್ಕು, ಆರೋಪ ಹೊತ್ತವನ ಮಾತು ಕೇಳದೆ ಶಿಕ್ಷಿಸಬಾರದೆಂಬ ನಿಯಮ, ಸಹೋದರಿಯರ ವಾರಸು ಪಾಲಿನ ದೂರು ಸ್ವೀಕರಿಸುವ ವ್ಯವಸ್ಥೆ ಅದರಲ್ಲಿರಲಿ. ಎಷ್ಟೇ ಕೈಗಳು ಎದ್ದರೂ ಇವುಗಳನ್ನು ತೆಗೆದುಹಾಕಲಾಗದೆಂಬ ಒಂದು ಸಾಲು ಕೊನೆಯಲ್ಲಿರಲಿ. ಆ ಸಭೆಗೆ ಮಹಿಳೆಯರನ್ನೂ ಕರೆಯಲಿ, ಪರದೆಯ ವ್ಯವಸ್ಥೆ ಮಾಡುವುದು ಕಷ್ಟವೇನಲ್ಲ.