ಬಿ.ಪಿ. ಯಂತ್ರ ಮನೆಗೆ ಬಂತು, ಲೆಕ್ಕ ವೈದ್ಯರಿಗೂ ತಲುಪಲಿ

ಸೋಲೂರು: ಮಕ್ಕಳು ಓದಿಗೋ ಕೆಲಸಕ್ಕೋ ಮೈಸೂರು, ಬೆಂಗಳೂರು, ಕೊಯಮತ್ತೂರು ಸೇರಿದ್ದಾರೆ. ಚಹಾ ತೋಟ, ತರಕಾರಿ ಹೊಲ ನೋಡಿಕೊಂಡು ಊರಲ್ಲಿ ಉಳಿದವರು ವಯಸ್ಸಾದವರು. ನೀಲಗಿರಿಯ ಸೋಲೂರಿನಂಥ ಊರುಗಳ ಇಂಥ ಮನೆಗಳಿಗೆ ಮೊಬೈಲಿಗೆ ಜೋಡಿಸುವ ಬಿ.ಪಿ. ಯಂತ್ರ ಹೇಳಿ ಮಾಡಿಸಿದ ಹಾಗಿದೆ. ಅಮ್ಮ ಇಲ್ಲಿ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಮಗ ಅಲ್ಲಿ ಕೂತು ಲೆಕ್ಕ ನೋಡಬಹುದು. ನೆಟ್‌ವರ್ಕ್ ಇಲ್ಲದಿದ್ದರೂ ಯಂತ್ರದಿಂದ ಮೊಬೈಲಿಗೆ ಲೆಕ್ಕ ಹೋಗಲು ಬ್ಲೂಟೂತ್ ಸಾಕು.

ಇದು ಬೇಕಾದ ಸೌಲಭ್ಯ ಎಂಬುದರಲ್ಲಿ ಎರಡು ಮಾತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ಭಾರತದಲ್ಲಿ 30ರಿಂದ 79 ವಯಸ್ಸಿನ ಸುಮಾರು 18.8 ಕೋಟಿ ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ಲಕ್ವ ಹೊಡೆದ ಮೇಲೆ ಗೊತ್ತಾಗುವುದಕ್ಕಿಂತ ಮನೆಯಲ್ಲೇ ಮೊದಲು ಗೊತ್ತಾಗುವುದು ಮೇಲು.

ಆದರೆ ಯಂತ್ರ ತಂದು ಕೊಟ್ಟರೆ ಮಕ್ಕಳ ಕರ್ತವ್ಯ ಮುಗಿಯಲಿಲ್ಲ. ತೋಟದ ಏರು ಹತ್ತಿ ಬಂದ ಕೂಡಲೇ, ಕಾಫಿ ಕುಡಿದ ಕೈಯಲ್ಲೇ, ಮಾತಾಡುತ್ತಾ ನೋಡಿದರೆ ಲೆಕ್ಕ ಏರಿಯೇ ಇರುತ್ತದೆ. ಚಳಿಗೂ ರಕ್ತದೊತ್ತಡ ಏರುತ್ತದೆ. ಹಿಮ ಬೀಳುವ ಡಿಸೆಂಬರ್, ಜನವರಿಯಲ್ಲಿ ಇದು ನೆನಪಿರಬೇಕು. ಕಾಫಿ, ಬೀಡಿ, ಶ್ರಮದ ಕೆಲಸ ಆಗಿ ಅರ್ಧ ಗಂಟೆ ಕಳೆದಿರಬೇಕು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಬೇಕು. ಸ್ವೆಟರ್ ಮೇಲೆ ಪಟ್ಟಿ ಸುತ್ತಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ತೋರಿಸುತ್ತದೆ. ಮಣಿಕಟ್ಟಿನ ಯಂತ್ರಕ್ಕಿಂತ ತೋಳಿನದೇ ಮೇಲು. ಯಂತ್ರವಿಲ್ಲದೆ ಬರೀ ಮೊಬೈಲ್ ಕ್ಯಾಮೆರಾಕ್ಕೆ ಬೆರಳಿಟ್ಟು ಬಿ.ಪಿ. ನೋಡುವ ಆ್ಯಪ್‌ಗಳನ್ನಂತೂ ನಂಬುವಂತಿಲ್ಲ.

ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ ನೋಡಿ, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯುವುದು ಕ್ರಮ. ಅದು 135/85ಕ್ಕಿಂತ ಮೇಲಿದ್ದರೆ ವೈದ್ಯರಿಗೆ ತೋರಿಸಬೇಕು. ಒಂದೇ ಒಂದು ಲೆಕ್ಕ ನೋಡಿ "ಅಮ್ಮಾ, 160 ಬಂದಿದೆಯಲ್ಲ, ಏನಾಯ್ತು?" ಎಂದು ಬೆಂಗಳೂರಿನಿಂದ ಗಾಬರಿಪಡಿಸಿದರೆ ಇನ್ನೊಂದು ಹತ್ತು ಏರೀತು, ಅಷ್ಟೇ. ಆದರೆ 180/120 ದಾಟಿ, ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಬೇಕು.

ಗಡಿ ಭಾಗದವರಿಗೆ ಇನ್ನೊಂದು ಅಪಾಯವಿದೆ. ತಮಿಳುನಾಡು ಸರಕಾರ 2021ರ ಆಗಸ್ಟ್‌ನಲ್ಲಿ ಗಡಿ ಜಿಲ್ಲೆ ಕೃಷ್ಣಗಿರಿಯಲ್ಲೇ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಶುರು ಮಾಡಿ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆ ಬಾಗಿಲಿಗೆ ತಂದಿತು. ಕರ್ನಾಟಕವೂ 2024ರಲ್ಲಿ ಕೋಲಾರದಿಂದ 'ಗೃಹ ಆರೋಗ್ಯ' ಆರಂಭಿಸಿತು. ಎರಡೂ ಮೆಚ್ಚತಕ್ಕವೇ. ಆದರೆ ಮಗಳ ಮನೆಗೆ ಹೋದಾಗ ಮೈಸೂರಿನಲ್ಲಿ ಬರೆಸಿಕೊಂಡ ಮಾತ್ರೆ ಒಂದು, ಊರಲ್ಲಿ ಬಾಗಿಲಿಗೆ ಬಂದ ಮಾತ್ರೆ ಇನ್ನೊಂದು. ಹೆಸರು ಬೇರೆಯಿದ್ದರೂ ಒಳಗಿನ ಔಷಧ ಒಂದೇ ಅಮ್ಲೋಡಿಪಿನ್ ಇದ್ದೀತು. ಎರಡೂ ನುಂಗಿದರೆ ತಲೆಸುತ್ತು, ಕಾಲು ಬಾವು. "ಈಗ ನಾರ್ಮಲ್ ಇದೆ" ಎಂದು ಎರಡನ್ನೂ ಬಿಟ್ಟರೆ ಲಕ್ವದ ಭಯ. ನಾರ್ಮಲ್ ಆಗಿರುವುದೇ ಮಾತ್ರೆಯಿಂದ ಎಂಬುದನ್ನು ಮೊಬೈಲು ಹೇಳುವುದಿಲ್ಲ.

ಆದ್ದರಿಂದ ಮೊಬೈಲಿನಲ್ಲಿರುವುದು ಒಂದು ನೋಟ್‌ಬುಕ್ಕಿಗೂ ಇಳಿಯಲಿ: ತಾರೀಕು, ಹೊತ್ತು, ಲೆಕ್ಕ, ನುಂಗುವ ಮಾತ್ರೆಯ ಔಷಧದ ಹೆಸರು. ಆ ಪುಸ್ತಕ ಊಟಿಯ ವೈದ್ಯರ ಮುಂದೆಯೂ ಮೈಸೂರಿನ ವೈದ್ಯರ ಮುಂದೆಯೂ ತೆರೆಯಲಿ. ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯರು ಮನೆಯವರ ಯಂತ್ರವನ್ನು ತಮ್ಮ ಯಂತ್ರದ ಜೊತೆ ಒಮ್ಮೆ ತಾಳೆ ನೋಡುವಂತೆ ಆರೋಗ್ಯ ಇಲಾಖೆ ಸೂಚಿಸಬೇಕು. ಆ್ಯಪ್ ಇಂಗ್ಲಿಷಿನಲ್ಲಿ, ಚೀಟಿ ತಮಿಳಿನಲ್ಲಿ ಇದ್ದರೆ ಕನ್ನಡವಷ್ಟೇ ಓದಬಲ್ಲ ಅಜ್ಜಿಗೆ ದಾರಿ ಯಾವುದು? ಮಾತ್ರೆಯ ಹೊತ್ತನ್ನಾದರೂ ಅವರವರ ಭಾಷೆಯಲ್ಲಿ ಬರೆದು ಕೊಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಸಂಬಂಧಪಟ್ಟವರು ಗಮನ ಹರಿಸಲಿ.